ಚೌಕಟ್ಟಿನ ಅಂಚಿನಲ್ಲಿರುವ ಭಯ: 'ಥ್ರೀ ಡೇಸ್ ಆಫ್ ದ ಕಾಂಡೋರ್' ಚಿತ್ರದ 4ಕೆ ಆವೃತ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಚಿತ್ರ? ಯಾರು ತೆಗೆದದ್ದು?

ಸಿಡ್ನಿ ಪೊಲಾಕ್ ನಿರ್ದೇಶಿಸಿದ ಈ ಬೇಹುಗಾರಿಕೆಯ ಚಿತ್ರ 1975ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆ ಕಂಡಿತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನೌಕರ ಜೋಸೆಫ್ ಟರ್ನರ್ (ಗುಪ್ತನಾಮ 'ಕಾಂಡೋರ್') ಪಾತ್ರದಲ್ಲಿ ರಾಬರ್ಟ್ ರೆಡ್‌ಫೋರ್ಡ್, ಛಾಯಾಗ್ರಾಹಕಿ ಕ್ಯಾಥಿ ಹೇಲ್ ಪಾತ್ರದಲ್ಲಿ ಫೇ ಡನಾವೇ, ಸಂಸ್ಥೆಯ ಮೇಲಧಿಕಾರಿ ಹಿಗಿನ್ಸ್ ಪಾತ್ರದಲ್ಲಿ ಕ್ಲಿಫ್ ರಾಬರ್ಟ್‌ಸನ್ ಮತ್ತು ಬಾಡಿಗೆ ಹಂತಕ ಜೂಬೇರ್ ಪಾತ್ರದಲ್ಲಿ ಸ್ವೀಡನ್ನಿನ ಮ್ಯಾಕ್ಸ್ ವಾನ್ ಸೀಡೊ ನಟಿಸಿದ್ದಾರೆ. 'ದ ಫ್ರೆಂಚ್ ಕನೆಕ್ಷನ್' ಮತ್ತು 'ದಿ ಎಕ್ಸಾರ್ಸಿಸ್ಟ್' ಚಿತ್ರಗಳಿಗೆ ಕ್ಯಾಮೆರಾ ಹಿಡಿದಿದ್ದ ಓವನ್ ರಾಯ್ಜ್‌ಮನ್ ಇದರ ಛಾಯಾಗ್ರಾಹಕರು. ಸಂಗೀತ ಡೇವ್ ಗ್ರೂಸಿನ್ ಅವರದು. ಚಿತ್ರದ ಸಂಕಲನ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ರೆಡ್‌ಫೋರ್ಡ್ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಬಳಿಕ ಈ ಚಿತ್ರವನ್ನು ಮೊದಲ ಬಾರಿಗೆ ನೋಡುವವರು ಹೆಚ್ಚಾಗಿದ್ದಾರೆ. ಇಲ್ಲಿನ ಹಲವು ಉತ್ತರಗಳನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಕಥೆ ಏನು? ಈ ಇಡೀ ಬರಹವನ್ನು ಓದಿದರೆ ಕೊನೆ ತಿಳಿದುಹೋಗುವುದೇ?

ತಿಳಿದುಹೋಗುತ್ತದೆ. ಚಿತ್ರವನ್ನು ಇನ್ನೂ ನೋಡದವರು ಈ ಉತ್ತರವನ್ನು ಓದಿ, ಬಳಿಕ ಕಪ್ಪು ಪಟ್ಟಿ, ಧ್ವನಿ ಮತ್ತು ಪ್ಲೇಯರ್ ಕುರಿತ ಉತ್ತರಗಳನ್ನಷ್ಟೇ ನೋಡಿ, ಉಳಿದವನ್ನು ಚಿತ್ರ ಮುಗಿದ ಮೇಲೆ ಓದುವುದು ಒಳ್ಳೆಯದು.

ನ್ಯೂಯಾರ್ಕಿನ ಒಂದು ಶಾಂತವಾದ ಬೀದಿಯಲ್ಲಿ 'ಅಮೆರಿಕನ್ ಲಿಟರರಿ ಹಿಸ್ಟಾರಿಕಲ್ ಸೊಸೈಟಿ' ಎಂಬ ಫಲಕ ಹೊತ್ತ ಮನೆಯಿದೆ. ಹೊರನೋಟಕ್ಕೆ ಅದು ಸಾಹಿತ್ಯ ಸಂಘ, ಒಳಗೆ ಸಿಐಎಯ ಕಚೇರಿ. ಜಗತ್ತಿನ ನಾನಾ ಭಾಷೆಗಳ ಪತ್ತೇದಾರಿ ಕಾದಂಬರಿ ಮತ್ತು ಪತ್ರಿಕೆಗಳನ್ನು ಓದಿ, ಅವುಗಳಲ್ಲಿ ನಿಜವಾದ ಗುಪ್ತ ಕಾರ್ಯಾಚರಣೆಗಳ ಸುಳಿವೇನಾದರೂ ಇದೆಯೇ, ಹೊಸ ಉಪಾಯಗಳೇನಾದರೂ ಸಿಗುತ್ತವೆಯೇ ಎಂದು ಹುಡುಕುವುದು ಅಲ್ಲಿನವರ ಕೆಲಸ. ಟರ್ನರ್ ಹೀಗೆ ಓದುವ ನೌಕರರಲ್ಲಿ ಒಬ್ಬ. ಕೈಯಲ್ಲಿ ಬಂದೂಕಿಲ್ಲ, ಕಣ್ಣಿಗೆ ಕನ್ನಡಕವಿದೆ. ಮೊಪೆಡ್ ಏರಿ ಕಚೇರಿಗೆ ತಡವಾಗಿ ಬರುತ್ತಾನೆ. ಆ ದಿನ ಊಟ ತರುವ ಸರದಿ ಅವನದು. ಮಳೆ ಸುರಿಯುತ್ತಿರುವುದರಿಂದ ಮುಂಬಾಗಿಲಿನ ಸುತ್ತುದಾರಿ ಬಿಟ್ಟು, ನಿಯಮ ಮೀರಿ ನೆಲಮಾಳಿಗೆಯ ಹಿಂಬಾಗಿಲಿನಿಂದ ಹೋಗುತ್ತಾನೆ. ಮರಳಿ ಬರುವಷ್ಟರಲ್ಲಿ ಒಳಗಿದ್ದ ಸಹೋದ್ಯೋಗಿಗಳೆಲ್ಲ ಹೆಣವಾಗಿರುತ್ತಾರೆ. ಅವನು ಸಹಾಯಕ್ಕಾಗಿ ತನ್ನದೇ ಸಂಸ್ಥೆಗೆ ಫೋನ್ ಮಾಡುತ್ತಾನೆ, ಮತ್ತು ರಕ್ಷಿಸಲು ಬಂದವನೇ ಅವನ ಮೇಲೆ ಗುಂಡು ಹಾರಿಸುತ್ತಾನೆ.

ಇದನ್ನು 'ಶಂಕೆಯ ಕಾಲದ ಚಿತ್ರ' ಎಂದು ಕರೆಯುವುದೇಕೆ?

ಆ ಕೆಲವು ವರ್ಷಗಳ ದಿನಾಂಕಗಳನ್ನು ಸಾಲಾಗಿ ನೋಡಿದರೆ ಸಾಕು. 1971ರ ಜೂನ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ವಿಯೆಟ್ನಾಂ ಯುದ್ಧದ ಗುಪ್ತ ಕಡತಗಳನ್ನು ಪ್ರಕಟಿಸಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು, ಪೆಟ್ರೋಲ್ ಬಂಕ್‌ಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತವು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಅದೇ ವರ್ಷದ ಡಿಸೆಂಬರ್ 22ರಂದು, ಸಿಐಎ ತನ್ನ ದೇಶದ ಪ್ರಜೆಗಳ ಮೇಲೆಯೇ ಗೂಢಚಾರಿಕೆ ನಡೆಸಿದೆ ಎಂಬ ಸೀಮೋರ್ ಹರ್ಷ್ ಅವರ ವರದಿ ಟೈಮ್ಸ್‌ನ ಮುಖಪುಟದಲ್ಲಿ ಬಂದಿತು. 1975ರ ಜನವರಿಯಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿ ರಚನೆಯಾಗಿ ತನಿಖೆ ಆರಂಭಿಸಿತು. ಚಿತ್ರ ತೆರೆ ಕಂಡಾಗ ಆ ತನಿಖೆ ಇನ್ನೂ ನಡೆಯುತ್ತಲೇ ಇತ್ತು.

ಆದ್ದರಿಂದ ಅಂದಿನ ಪ್ರೇಕ್ಷಕರಿಗೆ ಈ ಕಥೆ ಬೆಳಗಿನ ಪತ್ರಿಕೆಯ ಮುಂದುವರಿಕೆಯಂತೆಯೇ ಇತ್ತು. ಹಿಂದಿನ ಗೂಢಚಾರ ಚಿತ್ರಗಳಲ್ಲಿ ಶತ್ರು ಗಡಿಯಾಚೆ ಇರುತ್ತಿದ್ದ. ಇಲ್ಲಿ ಅವನು ನಮ್ಮದೇ ಕಚೇರಿಯ ಫೋನಿನ ಇನ್ನೊಂದು ತುದಿಯಲ್ಲಿದ್ದಾನೆ, ಮತ್ತು ಅವನ ದನಿ ಬಹಳ ಸೌಜನ್ಯದಿಂದ ಕೂಡಿದೆ.

ಕಾದಂಬರಿಯ ಹೆಸರಿನಲ್ಲಿ ಆರು ದಿನಗಳಿದ್ದವಲ್ಲವೇ?

ಹೌದು. ಜೇಮ್ಸ್ ಗ್ರೇಡಿ ಬರೆದು 1974ರಲ್ಲಿ ಪ್ರಕಟವಾದ ಕಾದಂಬರಿಯ ಹೆಸರು 'ಸಿಕ್ಸ್ ಡೇಸ್ ಆಫ್ ದ ಕಾಂಡೋರ್'. ಅದು ವಾಷಿಂಗ್ಟನ್ನಿನಲ್ಲಿ ನಡೆಯುತ್ತದೆ, ನಾಯಕನ ಹೆಸರು ರೊನಾಲ್ಡ್ ಮಾಲ್ಕಮ್, ಒಳಸಂಚಿನ ಮೂಲದಲ್ಲಿರುವುದು ಮಾದಕ ವಸ್ತುಗಳ ಕಳ್ಳಸಾಗಣೆ. ಚಿತ್ರಕಥೆ ಬರೆದ ಲೊರೆಂಜೊ ಸೆಂಪಲ್ ಜೂನಿಯರ್ ಮತ್ತು ಡೇವಿಡ್ ರೇಫೀಲ್ ಕಥೆಯನ್ನು ನ್ಯೂಯಾರ್ಕಿಗೆ ತಂದರು, ದಿನಗಳನ್ನು ಅರ್ಧಕ್ಕಿಳಿಸಿದರು. ಮಾದಕ ವಸ್ತುವಿನ ಜಾಗಕ್ಕೆ ತೈಲ ಬಂದಿತು.

ಈ ಕೊನೆಯ ಬದಲಾವಣೆಯೇ ಚಿತ್ರವನ್ನು ಉಳಿಸಿದೆ ಎಂದು ನಾನು ಭಾವಿಸುತ್ತೇನೆ. ಟರ್ನರ್ ಮೊದಲು ಗಮನಿಸಿದ್ದು ಅನುವಾದಗಳ ಒಂದು ವಿಚಿತ್ರ ಪಟ್ಟಿಯನ್ನು: ಅರಬ್ಬಿಯಲ್ಲಿ ಪತ್ತೇದಾರಿ ಕಥೆ, ಡಚ್ ಭಾಷೆಯಲ್ಲಿ ಒಂದು ಪುಸ್ತಕ, ವೆನೆಜುವೆಲಾದಿಂದ ಇನ್ನೊಂದು. ಸಾಧಾರಣವಾದ ಪುಸ್ತಕ ಈ ಭಾಷೆಗಳಿಗೇ ಏಕೆ ಹೋಗಬೇಕು? ಕೊಲೆಗಳಾದ ಎಷ್ಟೋ ಹೊತ್ತಿನ ನಂತರ ಆ ದೇಶಗಳನ್ನು ಪೋಣಿಸುವ ದಾರ ಎಣ್ಣೆ ಎಂಬುದು ಅವನಿಗೆ ಹೊಳೆಯುತ್ತದೆ. ಒಬ್ಬ ಓದುಗ, ಅನುವಾದಗಳ ಪಟ್ಟಿಯನ್ನು ನೋಡಿ ಒಂದು ಯುದ್ಧದ ಯೋಜನೆಯನ್ನು ಪತ್ತೆ ಹಚ್ಚುವ ಇಂಥ ಸನ್ನಿವೇಶ ಬೇರೆ ಯಾವ ಗೂಢಚಾರ ಚಿತ್ರದಲ್ಲೂ ನನಗೆ ಸಿಕ್ಕಿಲ್ಲ.

ಇದನ್ನು ಟಿವಿಯಲ್ಲಿ ಎಂದೋ ನೋಡಿಯಾಗಿದೆ. ಮತ್ತೆ ನೋಡುವ ಅಗತ್ಯವೇನು?

ಕೇಬಲ್ ಟಿವಿಯ ಕಾಲದಲ್ಲಿ ನೋಡಿದ್ದರೆ, ನೀವು ನೋಡಿದ್ದು ಚಿತ್ರದ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಮಾತ್ರ.

ಪೊಲಾಕ್ ಮತ್ತು ರಾಯ್ಜ್‌ಮನ್ ಇದನ್ನು ಪ್ಯಾನಾವಿಷನ್ ಅನಾಮಾರ್ಫಿಕ್ ಲೆನ್ಸುಗಳಲ್ಲಿ ಚಿತ್ರೀಕರಿಸಿದರು. ಈ ಲೆನ್ಸು ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಹಿಂಡಿ 35 ಮಿಲಿಮೀಟರ್ ಫಿಲ್ಮಿನ ಮೇಲೆ ಮೂಡಿಸುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರ್ ಅದನ್ನು ಮತ್ತೆ ಬಿಡಿಸಿ ಹರಡುತ್ತದೆ. ಹಾಗೆ ತೆರೆಯ ಮೇಲೆ ಬೀಳುವ ಚಿತ್ರದ ಅಗಲ ಎತ್ತರದ 2.35 ಪಟ್ಟು. ಹಳೆಯ ಟಿವಿಯ ಅಗಲ ಎತ್ತರದ 1.33 ಪಟ್ಟು ಮಾತ್ರ. ಅಷ್ಟು ಅಗಲದ ಚಿತ್ರವನ್ನು ಇಷ್ಟು ಕಿರಿದಾದ ಪೆಟ್ಟಿಗೆಯ ತುಂಬ ತುಂಬಬೇಕಾದರೆ ಸುಮಾರು ಶೇ 43ರಷ್ಟು ಭಾಗವನ್ನು ಕತ್ತರಿಸಬೇಕು. ಯಾವ ಭಾಗ ಉಳಿಯಬೇಕೆಂದು ತೀರ್ಮಾನಿಸುತ್ತಿದ್ದವರು ಪ್ರಯೋಗಾಲಯದ ತಂತ್ರಜ್ಞರು. ಮಾತನಾಡುವವನ ಕಡೆಗೆ ಚೌಕಟ್ಟನ್ನು ಸರಿಸುತ್ತಾ ಹೋಗುವ ಈ ಕ್ರಮಕ್ಕೆ 'ಪ್ಯಾನ್ ಆಂಡ್ ಸ್ಕ್ಯಾನ್' ಎಂಬ ಹೆಸರಿತ್ತು.

ನಾನು ಇದನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿ, ರಾತ್ರಿ ಹನ್ನೊಂದರ ನಂತರ, ಇಪ್ಪತ್ತೊಂದು ಇಂಚಿನ ಟಿವಿಯಲ್ಲಿ. ಅದು ಯಾವ ಚಾನೆಲ್ಲಾಗಿತ್ತು ಎಂಬುದು ಇಲ್ಲಿ ಮುಖ್ಯವಲ್ಲ, ಅಂದು ಎಲ್ಲ ಚಾನೆಲ್ಲುಗಳೂ ಹಾಗೆಯೇ ತೋರಿಸುತ್ತಿದ್ದವು. ಲಿಫ್ಟಿನ ದೃಶ್ಯದಲ್ಲಿ ಟರ್ನರ್ ಮುಖ ತೆರೆಯ ತುಂಬ ಇತ್ತು. ಅವನು ಏಕೆ ಬೆವರುತ್ತಿದ್ದಾನೆಂದು ನನಗೆ ಅರ್ಥವಾಗಲಿಲ್ಲ. ಟಿವಿಯ ಬಲ ಅಂಚಿನಲ್ಲಿ ಒಂದು ಕೋಟಿನ ಭುಜ ಮಾತ್ರ ಕಾಣುತ್ತಿತ್ತು. ಮಾವ, 'ಅಲ್ಲಿ ಯಾರೋ ನಿಂತಿದ್ದಾರಲ್ಲೋ' ಎಂದು ಬೆರಳು ತೋರಿಸಿದರು. ವರ್ಷಗಳ ನಂತರ ಪೂರ್ಣ ಅಗಲದಲ್ಲಿ ನೋಡಿದಾಗಲೇ ಆ ಭುಜದ ಮೇಲೆ ಜೂಬೇರ್‌ನ ಮುಖ ಕಂಡದ್ದು. ಬೇಟೆ ಮತ್ತು ಬೇಟೆಗಾರ ಒಂದೇ ಲಿಫ್ಟಿನಲ್ಲಿ, ಒಂದೇ ಚೌಕಟ್ಟಿನಲ್ಲಿ, ಒಬ್ಬರನ್ನೊಬ್ಬರು ನೋಡದವರಂತೆ ನಿಂತಿದ್ದಾರೆ. ದೃಶ್ಯದ ಜೀವವಿರುವುದು ಅವರಿಬ್ಬರ ನಡುವಿನ ಆ ಖಾಲಿ ಜಾಗದಲ್ಲಿ. ನಮ್ಮ ಟಿವಿ ಕತ್ತರಿಸಿದ್ದು ಅದನ್ನೇ.

ಶಂಕೆಯ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಹಾಡಿನ ಚಿತ್ರದಲ್ಲಿ ಅಂಚು ಹೋದರೆ ಹಿಂಬದಿಯ ನರ್ತಕರು ಹೋಗುತ್ತಾರೆ. ಇಲ್ಲಿ ಅಂಚು ಹೋದರೆ ಭಯವೇ ಹೋಗುತ್ತದೆ. ಕಣ್ಣಂಚಿನಲ್ಲಿ ಏನಿದೆ ಎಂಬುದನ್ನು ಗಮನಿಸಬಲ್ಲವನು ಮಾತ್ರ ಬದುಕುವ ಕಥೆಯಿದು, ಪ್ರೇಕ್ಷಕನಿಗೂ ಆ ಅವಕಾಶ ಸಿಗಬೇಕು.

ಈ ಕತ್ತರಿಯ ವಿರುದ್ಧ ನಿರ್ದೇಶಕರು ಕೋರ್ಟಿಗೆ ಹೋಗಿದ್ದರು ಎನ್ನುವುದು ನಿಜವೇ?

ನಿಜ, ಮತ್ತು ಅದು ಈ ಚಿತ್ರದ ಬಗ್ಗೆಯೇ. 1991ರಲ್ಲಿ ಡೆನ್ಮಾರ್ಕಿನ ಸರ್ಕಾರಿ ಪ್ರಸಾರ ಸಂಸ್ಥೆ 'ಡ್ಯಾನ್ಮಾರ್ಕ್ಸ್ ರೇಡಿಯೊ' ಈ ಚಿತ್ರವನ್ನು ಪ್ಯಾನ್ ಆಂಡ್ ಸ್ಕ್ಯಾನ್ ರೂಪದಲ್ಲಿ ಪ್ರಸಾರ ಮಾಡಿತು. ಕೃತಿಕಾರನ ನೈತಿಕ ಹಕ್ಕನ್ನು ಅಮೆರಿಕಕ್ಕಿಂತ ಗಟ್ಟಿಯಾಗಿ ಕಾಪಾಡುವ ಕಾನೂನು ಡೆನ್ಮಾರ್ಕಿನಲ್ಲಿ ಇದ್ದುದರಿಂದ ಪೊಲಾಕ್ ಅಲ್ಲಿಯೇ ಮೊಕದ್ದಮೆ ಹೂಡಿದರು. 1997ರಲ್ಲಿ ತೀರ್ಪು ಬಂದಿತು. ಹೀಗೆ ಕತ್ತರಿಸುವುದು ಕೃತಿಯ ಅಂಗಭಂಗ, ನಿರ್ದೇಶಕನ ಹಕ್ಕಿಗೆ ಧಕ್ಕೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಪ್ರಸಾರ ಸಂಸ್ಥೆ ಮೊದಲೇ ಕತ್ತರಿಸಿದ್ದ ಪ್ರತಿಯನ್ನು ಸದುದ್ದೇಶದಿಂದ ಕೊಂಡು ತೋರಿಸಿತ್ತಾದ್ದರಿಂದ ಅದನ್ನು ಹೊಣೆ ಮಾಡಲಿಲ್ಲ. ಪೊಲಾಕ್ ಮೊಕದ್ದಮೆಯಲ್ಲಿ ಸೋತರೂ ವಾದದಲ್ಲಿ ಗೆದ್ದರು.

ನಮ್ಮಲ್ಲಿ ಇಂಥ ಮೊಕದ್ದಮೆ ನಿರ್ದೇಶಕನಿಗೆ ಇನ್ನೂ ಕಷ್ಟ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ಎಂದರೆ ನಿರ್ಮಾಪಕ.

ಟಿವಿಯ ಈ ಕತ್ತರಿಗೆ ಬೇಸತ್ತು ಪೊಲಾಕ್ ಬಹಳ ವರ್ಷ ಇಷ್ಟು ಅಗಲದ ಚೌಕಟ್ಟನ್ನು ಕೈಬಿಟ್ಟಿದ್ದರು. ಆಫ್ರಿಕಾದ ಬಯಲುಗಳಲ್ಲಿ ತೆಗೆದ 'ಔಟ್ ಆಫ್ ಆಫ್ರಿಕಾ' ಕೂಡ ಕಿರಿದಾದ 1.85 ಪಟ್ಟಿನ ಚೌಕಟ್ಟಿನಲ್ಲಿದೆ. ಅವರು ಮತ್ತೆ ಅಗಲದ ಚೌಕಟ್ಟಿಗೆ ಮರಳಿದ್ದು 2005ರ 'ದಿ ಇಂಟರ್‌ಪ್ರಿಟರ್' ಚಿತ್ರದಲ್ಲಿ, ಮನೆಮನೆಗೂ ಅಗಲದ ಟಿವಿ ಬರತೊಡಗಿದ ಮೇಲೆ. ಒಂದು ಪೆಟ್ಟಿಗೆಯ ಆಕಾರ ಒಬ್ಬ ಕಲಾವಿದನ ಕೈಯನ್ನು ಅಷ್ಟು ಕಾಲ ಕಟ್ಟಿಹಾಕಿತ್ತೆಂಬುದನ್ನು ನೆನೆದರೆ ಸಂಕಟವಾಗುತ್ತದೆ.

ರಿಸ್ಟೋರೇಶನ್ ಎಂದರೆ ನಿಖರವಾಗಿ ಏನು ಮಾಡುತ್ತಾರೆ?

ನಮ್ಮ ಭಾಷೆಯಲ್ಲಿ ಇದಕ್ಕೆ ಸಿದ್ಧವಾದ ಪದವೇ ಇದೆ: ಜೀರ್ಣೋದ್ಧಾರ. ಹಳೆಯ ದೇಗುಲದ ಜೀರ್ಣೋದ್ಧಾರದಲ್ಲಿ ಎರಡು ಬಗೆ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಒಬ್ಬರು ಬೆಳೆದ ಗಿಡಗಂಟಿ ಕಿತ್ತು, ಜರುಗಿದ ಕಲ್ಲನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿ, ಶಾಸನದ ಅಕ್ಷರಗಳನ್ನು ಮೃದುವಾಗಿ ತೊಳೆಯುತ್ತಾರೆ. ಇನ್ನೊಬ್ಬರು ಕಂಬಗಳಿಗೆ ಆಯಿಲ್ ಪೇಂಟ್ ಹೊಡೆದು, ನೆಲಕ್ಕೆ ಟೈಲ್ಸ್ ಹಾಕಿಸುತ್ತಾರೆ. ಚಿತ್ರಗಳ ಜೀರ್ಣೋದ್ಧಾರದಲ್ಲೂ ಈ ಎರಡೂ ಬಗೆಗಳಿವೆ.

ಅಮೆರಿಕದ ಕಿನೊ ಲಾರ್ಬರ್ ಸಂಸ್ಥೆ ಹೊರತಂದಿರುವ, ಅತಿ ಸೂಕ್ಷ್ಮ ವಿವರಗಳನ್ನು ತೋರಿಸುವ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್ ಮೊದಲನೆಯ ಬಗೆಗೆ ಸೇರಿದ್ದು. ಇದಕ್ಕೆ ಆಧಾರ ಕ್ಯಾಮೆರಾದೊಳಗೆ ಓಡಿದ ಮೂಲ 35 ಮಿಲಿಮೀಟರ್ ನೆಗೆಟಿವ್. ಚಿತ್ರಮಂದಿರಕ್ಕೆ ಬರುತ್ತಿದ್ದ ಪ್ರಿಂಟು ನೆಗೆಟಿವ್‌ನ ಮಗಳಲ್ಲ, ಸಾಮಾನ್ಯವಾಗಿ ಮರಿಮಗಳು: ನೆಗೆಟಿವ್‌ನಿಂದ ಒಂದು ಪಾಸಿಟಿವ್, ಅದರಿಂದ ಮತ್ತೊಂದು ನೆಗೆಟಿವ್, ಅದರಿಂದ ಪ್ರಿಂಟು. ಪ್ರತಿ ತಲೆಮಾರಿನಲ್ಲೂ ಚಿತ್ರದ ಸೂಕ್ಷ್ಮತೆ ಸ್ವಲ್ಪ ಸೋರಿಹೋಗುತ್ತದೆ. ಆದ್ದರಿಂದ ನೆಗೆಟಿವ್ ಅನ್ನೇ ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿದಾಗ, 1975ರ ಪ್ರೇಕ್ಷಕರಿಗೂ ಕಾಣದಿದ್ದ ವಿವರಗಳು ನಮಗೆ ಕಾಣುತ್ತವೆ. ಆಮೇಲೆ ಧೂಳು ಮತ್ತು ಗೀರುಗಳನ್ನು ತೆಗೆದು, ಬಣ್ಣ ಮತ್ತು ಬೆಳಕನ್ನು ಹೊಂದಿಸುತ್ತಾರೆ.

ಚಿತ್ರ ಕಣಕಣವಾಗಿ ಕಾಣುತ್ತದೆ. ಡಿಸ್ಕ್ ಹಾಳಾಗಿದೆಯೇ?

ಇಲ್ಲ. ಆ ಕಣಗಳೇ ಚಿತ್ರ. ಫಿಲ್ಮಿನ ಮೇಲೆ ಬೆಳಕನ್ನು ಹಿಡಿದಿಡುವುದು ಬೆಳ್ಳಿಯ ಲವಣದ ಹರಳುಗಳು, ಮುಖವೂ ಮಳೆಯೂ ಮೂಡಿರುವುದು ಅವುಗಳಿಂದಲೇ. ಕಂಪ್ಯೂಟರಿನಲ್ಲಿ ಅವನ್ನು ಸವರಿ ನುಣುಪು ಮಾಡಿದರೆ ಚರ್ಮ ಮೇಣದಂತಾಗುತ್ತದೆ, ಉಣ್ಣೆಯ ಕೋಟು ಪ್ಲಾಸ್ಟಿಕ್ಕಿನಂತಾಗುತ್ತದೆ. ಮೇಲೆ ಹೇಳಿದ ಆಯಿಲ್ ಪೇಂಟಿನ ಕೆಲಸ ಅದೇ. ನಿಮ್ಮ ಟಿವಿಯ ಸೆಟ್ಟಿಂಗ್‌ಗಳಲ್ಲಿ 'ನಾಯ್ಸ್ ರಿಡಕ್ಷನ್', 'ಮೋಷನ್ ಸ್ಮೂದಿಂಗ್' ಎಂಬ ಆಯ್ಕೆಗಳಿದ್ದರೆ ಎರಡನ್ನೂ ಆಫ್ ಮಾಡಿಡಿ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದೊಂದನ್ನು ಹಾಕಿದರೆ ಸಾಕು.

ರಾಯ್ಜ್‌ಮನ್ ಚಳಿಗಾಲದ ನ್ಯೂಯಾರ್ಕನ್ನು ಬೂದು, ಕಂದು ಬಣ್ಣಗಳಲ್ಲಿ, ಎಲೆಯುದುರಿದ ಮರಗಳ ತೆಳು ಬೆಳಕಿನಲ್ಲಿ ಹಿಡಿದಿದ್ದಾರೆ. ಅದು ಮಬ್ಬಾಗಿ ಕಂಡಿತೆಂದು ಬಣ್ಣ ಹೆಚ್ಚಿಸಬೇಡಿ.

ಮೇಲೆ ಕೆಳಗೆ ಕಪ್ಪು ಪಟ್ಟಿ ಏಕೆ? ತೆರೆ ತುಂಬಿಸಲು ಆಗುವುದಿಲ್ಲವೇ?

ಇಂದಿನ ಟಿವಿಗಳ ಅಗಲ ಎತ್ತರದ 1.78 ಪಟ್ಟು. ಚಿತ್ರ ಅದಕ್ಕಿಂತ ಅಗಲ. ಹಾಗಾಗಿ ತೆರೆಯ ಎತ್ತರದಲ್ಲಿ ಸುಮಾರು ಕಾಲು ಭಾಗ ಕಪ್ಪಾಗಿ ಉಳಿಯುತ್ತದೆ. ರಿಮೋಟಿನ 'ಝೂಮ್' ಗುಂಡಿ ಒತ್ತಿದರೆ ಪಟ್ಟಿ ಹೋಗುತ್ತದೆ, ಜೊತೆಗೆ ಇಕ್ಕೆಲಗಳಿಂದ ಕಾಲು ಭಾಗ ಚಿತ್ರವೂ ಹೋಗುತ್ತದೆ. ದಯವಿಟ್ಟು ಒತ್ತಬೇಡಿ.

ಧ್ವನಿ ಯಾವುದನ್ನು ಆರಿಸಬೇಕು? ನನ್ನ ಹಳೆಯ ಡಿವಿಡಿಗಿಂತ ಚಿತ್ರ ಐದು ನಿಮಿಷ ಉದ್ದವಿದೆ, ಹೊಸ ದೃಶ್ಯಗಳಿವೆಯೇ?

1975ರಲ್ಲಿ ಚಿತ್ರ ಮೋನೊ, ಅಂದರೆ ಒಂದೇ ವಾಹಿನಿಯ ಧ್ವನಿಯಲ್ಲಿ ಬಂದಿತ್ತು. ಡಿಸ್ಕಿನಲ್ಲಿ ಮೋನೊ ಇದ್ದಾಗ ನಾನು ಅದನ್ನೇ ಆರಿಸುತ್ತೇನೆ. ಟೆಲಿಪ್ರಿಂಟರಿನ ಟಕಟಕ, ಫೋನಿನ ಗಂಟೆ ಮತ್ತು ಗ್ರೂಸಿನ್ ಅವರ ಜಾಝ್ ಸಂಗೀತ ಒಂದೇ ದಿಕ್ಕಿನಿಂದ ಒತ್ತಿಕೊಂಡು ಬರುವಾಗ ಕೋಣೆ ಕಿರಿದಾದಂತೆ ಅನ್ನಿಸುತ್ತದೆ, ಈ ಕಥೆಗೆ ಅದು ತಕ್ಕದ್ದು.

ಹೊಸ ದೃಶ್ಯಗಳಿಲ್ಲ. ಚಿತ್ರದ ನಿಜವಾದ ಅವಧಿ 117 ನಿಮಿಷ. ಭಾರತ ಮತ್ತು ಯೂರೋಪಿನಲ್ಲಿ ಬಳಕೆಯಲ್ಲಿದ್ದ 'ಪಾಲ್' ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು ಓಡುತ್ತಿದ್ದವು, ಫಿಲ್ಮು ಓಡುವುದು 24ರ ವೇಗದಲ್ಲಿ. ಚಿತ್ರವನ್ನು ಶೇ 4ರಷ್ಟು ವೇಗಗೊಳಿಸಿ ಹೊಂದಿಸುತ್ತಿದ್ದರು. ಆಗ 117 ನಿಮಿಷ ಸುಮಾರು 112ಕ್ಕೆ ಇಳಿಯುತ್ತದೆ, ಸ್ವರವೂ ತುಸು ಏರುತ್ತದೆ. ಮ್ಯಾಕ್ಸ್ ವಾನ್ ಸೀಡೊ ಅವರ ನಿಧಾನದ, ತಗ್ಗಿದ ಕಂಠಕ್ಕೆ ಆ ಅವಸರ ಸಲ್ಲದು.

ಟೆಲಿಫೋನ್ ದೃಶ್ಯಗಳು ಅರ್ಥವಾಗಲಿಲ್ಲ. ಟರ್ನರ್ ಏನು ಮಾಡುತ್ತಾನೆ?

ಮೊಬೈಲ್ ಕಾಲದಲ್ಲಿ ಹುಟ್ಟಿದವರು ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುತ್ತಾರೆ. ಆಗ ಫೋನು ಒಂದು ಗೋಡೆಗೆ, ಗೋಡೆ ಒಂದು ತಂತಿಗೆ, ತಂತಿ ಒಂದು ಎಕ್ಸ್‌ಚೇಂಜಿಗೆ ಕಟ್ಟಿಕೊಂಡಿತ್ತು. ಕರೆ ಎಲ್ಲಿಂದ ಬಂದಿತೆಂದು ಹುಡುಕಲು ತಂತಿಯ ಜಾಡನ್ನು ಹಿಡಿದು ಹೋಗಬೇಕು, ಅದಕ್ಕೆ ಸಮಯ ಬೇಕು. ಆದ್ದರಿಂದಲೇ ಟರ್ನರ್ ಸಾರ್ವಜನಿಕ ಫೋನುಗಳಿಂದ ಚುಟುಕಾಗಿ ಮಾತಾಡಿ ಇಡುತ್ತಾನೆ. ಸೈನ್ಯದಲ್ಲಿ ಟೆಲಿಫೋನ್ ಲೈನ್‌ಮನ್ ಆಗಿದ್ದ ಅನುಭವ ಅವನಿಗಿದೆ. ಒಂದು ಹಂತದಲ್ಲಿ ಅವನು ಹಲವಾರು ಲೈನುಗಳನ್ನು ಅದಲುಬದಲು ಜೋಡಿಸಿ, ಪತ್ತೆ ಹಚ್ಚುವವರು ಊರ ತುಂಬ ಸುತ್ತುವಂತೆ ಮಾಡುತ್ತಾನೆ.

ಇನ್ನೊಂದು ದೃಶ್ಯದಲ್ಲಿ ಅವನು ಜೂಬೇರ್ ಒತ್ತುವ ಗುಂಡಿಗಳ ದನಿಯನ್ನು ಟೇಪಿಗೆ ಹಿಡಿಯುತ್ತಾನೆ. ಗುಂಡಿ ಒತ್ತುವ ಫೋನಿನಲ್ಲಿ ಪ್ರತಿ ಅಂಕಿಗೂ ಎರಡು ಸ್ವರಗಳ ಒಂದು ಜೋಡಿ ಇದೆ. ದನಿ ಸಿಕ್ಕಿದರೆ ಅಂಕಿ ಸಿಕ್ಕಿತು, ಅಂಕಿ ಸಿಕ್ಕಿದರೆ ಅವನಿಗೆ ಆಜ್ಞೆ ಕೊಡುವವನ ವಿಳಾಸ ಸಿಕ್ಕಿತು. ನಮ್ಮಲ್ಲಿ ಜನ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಈ ದೃಶ್ಯ ಮಾಯಾಜಾಲದಂತೆ ಕಂಡಿರಬೇಕು.

'ಫೋನ್ ಕದ್ದಾಲಿಕೆ' ಎಂಬ ಮಾತು ಕರ್ನಾಟಕದ ಓದುಗರಿಗೆ ಹೊಸತೇನಲ್ಲ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ಆ ಆರೋಪದ ಮೇಲೆಯೇ.

ಎರಡನೆಯ ಸಲ ನೋಡುವಾಗ ಏನನ್ನು ಗಮನಿಸಬೇಕು?

ಟರ್ನರ್ ಹೇಗೆ ಓದುತ್ತಾನೆ ಎಂಬುದನ್ನು. ಈ ಸಾಮಾನ್ಯ ನೌಕರ ತಪ್ಪಿಸಿಕೊಳ್ಳುವ ಕಲೆಯನ್ನು ಎಲ್ಲಿ ಕಲಿತ ಎಂದು ಸಂಸ್ಥೆಯ ಹಿರಿಯರು ಅಚ್ಚರಿಪಡುವಾಗ, ಅವನು ಓದುತ್ತಾನೆ ಎಂಬುದೇ ಉತ್ತರವಾಗಿ ಬರುತ್ತದೆ. ಅವನು ಅಡಗಿಕೊಂಡಿರುವ ಕ್ಯಾಥಿಯ ಮನೆಗೆ ಪೋಸ್ಟ್‌ಮ್ಯಾನ್ ಬರುವ ದೃಶ್ಯದಲ್ಲಿ ಆ ಓದು ನಮ್ಮ ಕಣ್ಣೆದುರೇ ನಡೆಯುತ್ತದೆ. ಸಮವಸ್ತ್ರ ಸರಿಯಿದೆ, ಹೆಗಲ ಚೀಲ ಸರಿಯಿದೆ, ಸಹಿ ಹಾಕಿಸಿಕೊಳ್ಳುವ ನೆಪವೂ ಸರಿಯಿದೆ. ಶೂ ಮಾತ್ರ ಪೋಸ್ಟ್‌ಮ್ಯಾನ್ ಹಾಕುವಂಥದ್ದಲ್ಲ. ಟರ್ನರ್ ಕಣ್ಣು ಕೆಳಗಿಳಿಯುತ್ತದೆ, ಅಷ್ಟರಲ್ಲಿ ಗುಂಡಿನ ಮಳೆ. ಆಮೇಲಿನ ಹೊಡೆದಾಟ ಅಂದವಾದದ್ದಲ್ಲ. ಇಬ್ಬರು ಮನುಷ್ಯರು ಇಕ್ಕಟ್ಟಾದ ಮನೆಯಲ್ಲಿ ಸಾಮಾನುಗಳಿಗೆ ಡಿಕ್ಕಿ ಹೊಡೆಯುತ್ತಾ, ಏದುಸಿರು ಬಿಡುತ್ತಾ ಬಡಿದಾಡುತ್ತಾರೆ. ಹೊಸ ಡಿಸ್ಕಿನಲ್ಲಿ ಆ ಮನೆಯ ಒಂದೊಂದು ವಸ್ತುವೂ ಎಲ್ಲಿದೆಯೆಂದು ಮೊದಲೇ ತಿಳಿದಿರುವುದರಿಂದ ಪ್ರತಿ ಏಟೂ ತಾಗುತ್ತದೆ.

ಕಚೇರಿಯ ಕೊಲೆಗಳ ನಡುವೆ ಜಾನಿಸ್ ಎಂಬಾಕೆಯ ಸಾವನ್ನೂ ನಿಧಾನವಾಗಿ ನೋಡಿ. ಜೂಬೇರ್ ಆಕೆಯನ್ನು ಕಿಟಕಿಯಿಂದ ಸರಿಯುವಂತೆ ವಿನಯದಿಂದ ಕೇಳುತ್ತಾನೆ. ತಾನು ಕಿರುಚುವುದಿಲ್ಲವೆಂದು ಆಕೆ ಹೇಳುತ್ತಾಳೆ, ಅದು ತನಗೆ ಗೊತ್ತೆಂದು ಅವನು ಹೇಳುತ್ತಾನೆ. ಇಡೀ ಚಿತ್ರದಲ್ಲಿ ನನ್ನನ್ನು ಅತ್ಯಂತ ಬೆಚ್ಚಿಬೀಳಿಸುವ ಮಾತುಕತೆ ಅದು. ಇದೇ ಜೂಬೇರ್ ಹೋಟೆಲ್ ಕೋಣೆಯಲ್ಲಿ ಕೂತು ಪುಟ್ಟ ಗೊಂಬೆಗಳಿಗೆ ಏಕಾಗ್ರತೆಯಿಂದ ಬಣ್ಣ ಹಚ್ಚುತ್ತಾನೆ. ಕುಂಚದ ತುದಿ 4ಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದಿದೆ. ಸಿಐಎಯ ನ್ಯೂಯಾರ್ಕ್ ಕಚೇರಿಯನ್ನು ಚಿತ್ರ ಇರಿಸಿರುವುದು ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ. ಚಿತ್ರ ತೆರೆ ಕಂಡಾಗ ಆ ಅವಳಿ ಗೋಪುರಗಳು ಉದ್ಘಾಟನೆಯಾಗಿ ಇನ್ನೂ ಎರಡೂವರೆ ವರ್ಷವಾಗಿರಲಿಲ್ಲ. ಅಂದು ಅವು ಅಧಿಕಾರದ ಎತ್ತರವನ್ನು ಸೂಚಿಸಲು ಬಂದಿದ್ದವು. ಇಂದು ಅವು ತೆರೆಯ ಮೇಲೆ ಬಂದ ಕೂಡಲೇ ನೋಡುಗರು ಒಂದು ಕ್ಷಣ ಕಥೆಯನ್ನು ಮರೆಯುತ್ತಾರೆ.

ಕ್ಯಾಥಿಯ ಪಾತ್ರ ಇಂದಿಗೆ ಒಪ್ಪತಕ್ಕದ್ದೇ?

ಪೂರ್ತಿ ಒಪ್ಪಲು ನನ್ನಿಂದಾಗುವುದಿಲ್ಲ. ಬಂದೂಕು ತೋರಿಸಿ ತನ್ನನ್ನು ಅಪಹರಿಸಿ ಕಟ್ಟಿಹಾಕಿದವನೊಡನೆ ಒಂದೇ ದಿನದಲ್ಲಿ ಆಕೆ ಮಲಗುತ್ತಾಳೆ ಎಂಬುದನ್ನು ಚಿತ್ರ ಪ್ರೇಮವೆಂಬಂತೆ ತೋರಿಸುತ್ತದೆ. ಚಿತ್ರದ ದುರ್ಬಲ ಭಾಗ ಅದೇ. ಡನಾವೇ ತಮ್ಮ ಅಭಿನಯದಿಂದ ಆ ಕೊರತೆಯನ್ನು ಎಷ್ಟೋ ಮುಚ್ಚಿದ್ದಾರೆ. ಅವರ ಕ್ಯಾಥಿಗೆ ಭಯವಿದೆ, ಸಿಟ್ಟಿದೆ, ತನ್ನದೇ ಆದ ಒಂಟಿತನವಿದೆ. ಗೋಡೆಯ ಮೇಲಿರುವ ಅವಳ ಕಪ್ಪು ಬಿಳುಪು ಫೋಟೊಗಳನ್ನು ನೋಡಿ: ಖಾಲಿ ಬೆಂಚು, ಬೋಳು ಮರ, ಎಲ್ಲೂ ಒಬ್ಬ ಮನುಷ್ಯನಿಲ್ಲ. ಟರ್ನರ್ ಅವನ್ನೂ ಓದುತ್ತಾನೆ, ಮತ್ತು ಅವನು ಸರಿಯಾಗಿಯೇ ಓದಿದ್ದಾನೆಂಬುದು ಅವಳಿಗೆ ನೋವು ಕೊಡುತ್ತದೆ. ಆ ಕೆಲವು ನಿಮಿಷಗಳು ನಿಜವಾಗಿವೆ, ಅವುಗಳ ನಂತರ ಬರುವುದು ಅಲ್ಲ.

ಭಾರತದ ಪ್ಲೇಯರಿನಲ್ಲಿ ಈ ಡಿಸ್ಕ್ ಓಡುವುದೇ?

ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ತಡೆಯುವ 'ರೀಜನ್ ಬೀಗ' 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ, 4ಕೆ ಪ್ಲೇಯರ್ ಇದ್ದರೆ ಸಾಕು. ಬ್ಲೂ-ರೇ ಹಾಗಲ್ಲ: ಅಮೆರಿಕ ರೀಜನ್ ಎ, ಯೂರೋಪ್ ಬಿ, ಭಾರತ ಸಿ. ಅಮೆರಿಕದ ಪೆಟ್ಟಿಗೆಯೊಳಗೆ 4ಕೆ ಜೊತೆಗೆ ಬರುವ ಬ್ಲೂ-ರೇ ನಮ್ಮ ಪ್ಲೇಯರಿನಲ್ಲಿ ಓಡದೇ ಹೋಗಬಹುದು. ಕೊಳ್ಳುವ ಮೊದಲು ಡಿಸ್ಕಿನ ವಿವರವನ್ನೂ ನಿಮ್ಮ ಪ್ಲೇಯರಿನ ಕೈಪಿಡಿಯನ್ನೂ ಓದಿಕೊಳ್ಳಿ. ಹೊರದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕವನ್ನೂ ಲೆಕ್ಕದಲ್ಲಿಡಿ.

ಕೊನೆಯ ದೃಶ್ಯದ ಅರ್ಥವೇನು?

ಕೊನೆಗೆ ಸ್ವಲ್ಪ ಮುಂಚೆ ಜೂಬೇರ್, ಟರ್ನರ್‌ಗೆ ಅವನ ಸಾವು ಹೇಗೆ ಬರಬಹುದೆಂದು ವರ್ಣಿಸುತ್ತಾನೆ: ಹಿತವಾದ ಬಿಸಿಲಿನ ದಿನ, ಪಕ್ಕದಲ್ಲಿ ನಿಧಾನವಾಗುವ ಒಂದು ಕಾರು, ಒಳಗೆ ಪರಿಚಯದ, ಬಹುಶಃ ನಂಬಿಕೆಯ ಮುಖ. ಅದಾದ ಮೇಲೆ ಟರ್ನರ್ ಮತ್ತು ಹಿಗಿನ್ಸ್ ಬೀದಿಯಲ್ಲಿ ಎದುರಾಗುತ್ತಾರೆ. ಎಣ್ಣೆಗಾಗಿ ಯುದ್ಧ ಹೂಡುವ ಆ ಯೋಜನೆ ತಪ್ಪಲ್ಲ, ಎಣ್ಣೆಯೂ ಅನ್ನವೂ ಮುಗಿದ ದಿನ ಜನರೇ ಅದನ್ನು ತಂದುಕೊಡಿ ಎಂದು ಕೇಳುತ್ತಾರೆ, ಹೇಗೆ ತಂದಿರಿ ಎಂದು ಕೇಳುವುದಿಲ್ಲ ಎಂಬುದು ಹಿಗಿನ್ಸ್‌ನ ವಾದ. ಟರ್ನರ್ ತಾವು ನಿಂತಿರುವ ಜಾಗವನ್ನು ತೋರಿಸುತ್ತಾನೆ. ಅದು ನ್ಯೂಯಾರ್ಕ್ ಟೈಮ್ಸ್ ಕಟ್ಟಡ. ಇಡೀ ಕಥೆಯನ್ನು ಅವರಿಗೆ ಹೇಳಿಯಾಗಿದೆ. ಅವರು ಅಚ್ಚು ಹಾಕುತ್ತಾರೆಂದು ನಿನಗೇನು ಭರವಸೆ ಎಂದು ಹಿಗಿನ್ಸ್ ಕೇಳುತ್ತಾನೆ.

1975ರಲ್ಲಿ ಈ ಪ್ರಶ್ನೆಯ ಭಾರ ಭಾರತದಲ್ಲಿ ಇನ್ನೂ ಹೆಚ್ಚಾಗಿತ್ತು. ಚಿತ್ರ ಬಿಡುಗಡೆಯಾಗುವ ಮೂರು ತಿಂಗಳ ಹಿಂದೆ, ಜೂನ್ 25ರಂದು, ಇಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು. ಮರುದಿನ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಜೂನ್ 28ರ 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚಾಯಿತು. ಅಚ್ಚು ಹಾಕುತ್ತಾರೆಯೇ ಎಂಬುದು ನಮ್ಮವರಿಗೆ ಆಗ ದಿನಬೆಳಗಿನ ಪ್ರಶ್ನೆಯಾಗಿತ್ತು. ಬೆಂಗಳೂರಿನ ಆ ಜೈಲನ್ನು ಈಗ ಫ್ರೀಡಂ ಪಾರ್ಕ್ ಮಾಡಿದ್ದಾರೆ, ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಹಿಗಿನ್ಸ್‌ನ ಪ್ರಶ್ನೆ ನೆನಪಾಗುತ್ತದೆ.

ಚಿತ್ರ ಉತ್ತರ ಕೊಡುವುದಿಲ್ಲ. ಅವರು ಅಚ್ಚು ಹಾಕುತ್ತಾರೆ ಎಂದಷ್ಟೇ ಟರ್ನರ್ ಹೇಳುತ್ತಾನೆ, ಆದರೆ ದನ ಕಳೆದುಕೊಂಡವನ ಹಾಗೆ ಸುತ್ತಲೂ ನೋಡುತ್ತಾನೆ. ಬೀದಿಯಲ್ಲಿ ಕ್ರಿಸ್ಮಸ್ ಹಾಡು ಹಾಡುವವರ ಗುಂಪೊಂದಿದೆ. ಅದನ್ನು ಹಾದು ಜನರ ನಡುವೆ ಸೇರುವಾಗ ಅವನು ಹಿಂತಿರುಗಿ ನೋಡುತ್ತಾನೆ, ಚಿತ್ರ ಅಲ್ಲಿಯೇ ನಿಂತುಬಿಡುತ್ತದೆ. ಹಳೆಯ ಟಿವಿಯಲ್ಲಿ ನನಗೆ ಉಳಿದಿದ್ದದ್ದು ಒಂದು ಮುಖ. ಈಗ ನಿಂತ ಆ ಚೌಕಟ್ಟಿನಲ್ಲಿ ಅವನ ಎಡಕ್ಕೂ ಬಲಕ್ಕೂ ದಾರಿಹೋಕರಿದ್ದಾರೆ, ಕೋಟು ತೊಟ್ಟವರು, ಮುಖ ಮಸುಕಾದವರು, ಮತ್ತು ನಾನು ಪ್ರತಿ ಸಲವೂ ಅವರ ಶೂಗಳನ್ನು ಹುಡುಕುತ್ತೇನೆ.